ಇಬ್ಬರ ಪಾಯಸಕ್ಕೆ ಒಂದೇ ಬಾದಾಮಿ

ಹೆನ್ನೆ ಕಡಲತೀರ,
ಡಿಸೆಂಬರ್ 27

ಪ್ರೀತಿಯ ಗೆರ್ಡಾ ಅತ್ತೆಯವರಿಗೆ,

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮಗನಿಗೆ ನೆಗಡಿ ಇಲ್ಲ, ಕೆಮ್ಮಿಲ್ಲ. ನೀವು ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲವನ್ನು ಸ್ನಾನದ ಹೊತ್ತು ಬಿಟ್ಟರೆ ಕಾಲಿನಿಂದ ತೆಗೆಯುವುದಿಲ್ಲ. ಇಷ್ಟನ್ನು ಮೊದಲೇ ತಿಳಿಸಿಬಿಟ್ಟರೆ ಉಳಿದದ್ದನ್ನು ನೀವು ಸಮಾಧಾನವಾಗಿ ಓದುತ್ತೀರಿ ಎಂದು ಇಲ್ಲಿಂದ ಶುರುಮಾಡಿದೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಇಲ್ಲಿ ಸಿಗ್ನಲ್ ಬೇಕಾದರೆ ಮರಳುದಿಬ್ಬ ಹತ್ತಬೇಕು, ಹತ್ತಿದರೆ ಗಾಳಿಗೆ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ. ಅದು ಒಂದು ನೆಪ. ನಿಜ ಹೇಳಬೇಕೆಂದರೆ, ಫೋನಿನಲ್ಲಿ ನೀವು ಒಂದು ಸಲ "ಹೂಂ" ಎಂದರೆ ಸಾಕು, ನನಗೆ ಮುಂದಿನ ಮಾತು ಹೊರಡುವುದಿಲ್ಲ. ಹದಿನಾಲ್ಕು ವರ್ಷ ನಿಮ್ಮ ಸೊಸೆಯಾಗಿದ್ದರೂ ನಿಮ್ಮ ಯಾವ ಹೂಂ ಒಪ್ಪಿಗೆಯದು, ಯಾವುದು ಕೋಪದ್ದು ಎಂದು ನನಗೆ ಇನ್ನೂ ತಿಳಿದಿಲ್ಲ.

ಮೊದಲು ಅಡುಗೆಯ ಸಮಾಚಾರ. ನಿಮ್ಮ ಮನೆಯ ಮೇಜು ಬಿಟ್ಟು ನಾವು ಕ್ರಿಸ್‌ಮಸ್ ಊಟ ಮಾಡಿದ್ದು ಇದೇ ಮೊದಲು. ಬೇರೆಯವರು ಬೇಯಿಸಿದ್ದನ್ನು ತಿನ್ನುವುದರಲ್ಲಿ ನಾವು ಎಷ್ಟು ನುರಿತವರೋ ಬೇಯಿಸುವುದರಲ್ಲಿ ಅಷ್ಟೇ ದಡ್ಡರು ಎಂದು ಗೊತ್ತಾಯಿತು. ಬಾತುಕೋಳಿ ಮೂರು ಕಿಲೋ ಇತ್ತು. ಹೊಟ್ಟೆಗೆ ಸೇಬು, ಒಣ ಪ್ಲಮ್ ತುಂಬಿ ಹೊಲಿದೆ. ಹೊಲಿಗೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಿಲ್ಲ, ಸೂಲಗಿತ್ತಿಗೆ ಅಷ್ಟಾದರೂ ಬರಬೇಕು. ಆದರೆ ಈ ಮನೆಯ ಓವನ್ನಿನ ಬಾಗಿಲು ಮುಚ್ಚಿ ನಿಲ್ಲುವುದಿಲ್ಲ. ಎಸ್ಕಿಲ್ ಅದಕ್ಕೆ ಒಂದು ಕುರ್ಚಿ ಒತ್ತಿಟ್ಟು, ಆ ಕುರ್ಚಿಯ ಮೇಲೆ ತಾನೇ ಎರಡೂವರೆ ಗಂಟೆ ಕೂತ. ಬಾತುಕೋಳಿ ಬೆಂದಿತು, ಅವನ ಬೆನ್ನೂ ಸ್ವಲ್ಪ ಬೆಂದಿತು.

ಸಕ್ಕರೆಪಾಕದ ಆಲೂಗಡ್ಡೆಗೆ ನೀವು ಚೀಟಿಯಲ್ಲಿ ಬರೆದುಕೊಟ್ಟಿದ್ದಿರಿ, ಸಕ್ಕರೆ ತಾನಾಗಿ ಕರಗುವ ತನಕ ಚಮಚ ಮುಟ್ಟಬೇಡಿ ಎಂದು. ಎಸ್ಕಿಲ್ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದ. ನಾನು ಮುಟ್ಟಿದೆ. ಪಾಕ ಗಂಟುಕಟ್ಟಿ ಮರಳಾಯಿತು. ಎರಡನೇ ಸಲ ನನ್ನನ್ನು ಅಡುಗೆಮನೆಯಿಂದ ಆಚೆ ಕಳಿಸಿ ಅವನೇ ಮಾಡಿದ, ಬಂಗಾರದ ಹಾಗೆ ಬಂತು. ಇನ್ನು ಕೆಂಪುಕೋಸು. ನೀವೇ ಮಾಡಿ ಬಾಟಲಿಗೆ ತುಂಬಿ ಕಳಿಸಿದ್ದನ್ನು ನಾನು ಬರೇ ಬಿಸಿಮಾಡಿ ಬಡಿಸಿದೆ. ನಿಮ್ಮ ಮಗ ಒಂದು ತುತ್ತು ತಿಂದು, "ಚೆನ್ನಾಗಿದೆ ಕಣೇ, ಆದ್ರೆ ಅಮ್ಮನ ಕೈರುಚಿ ಬಂದಿಲ್ಲ" ಎಂದ. ನಾನು ಖಾಲಿ ಬಾಟಲಿ ತಂದು ಅವನ ಮುಂದಿಟ್ಟೆ.

ಕ್ರಿಸ್‌ಮಸ್ ಮರ ಚಿಕ್ಕದು, ಸ್ಟೂಲಿನ ಮೇಲೆ ನಿಲ್ಲಿಸಿದ್ದೆವು. ಕೈಕೈ ಹಿಡಿದು ಹಾಡುತ್ತಾ ಮರ ಸುತ್ತಲು ಇಬ್ಬರೇ ಸಾಲುವುದಿಲ್ಲ ಎಂದು ಆಗ ತಿಳಿಯಿತು. ತೋಳು ಸಾಲದೆ ಮರವನ್ನು ಅಪ್ಪಿಕೊಂಡ ಹಾಗೆ ನಿಂತು, ಮುಖಕ್ಕೆ ಅದರ ಸೂಜಿಯೆಲೆ ಚುಚ್ಚಿಸಿಕೊಂಡು ಎರಡು ಹಾಡು ಮುಗಿಸಿದೆವು. ಅತ್ತೆ, ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ತುಂಬಾ ಸುಖವಾಗಿತ್ತು. ಒಂಬತ್ತಕ್ಕೆ ಏಳುವುದು, ಕಡಲ ದಂಡೆಯಲ್ಲಿ ಗಾಳಿಗೆ ಎದುರಾಗಿ ಹೋಗಿ ಗಾಳಿಗೆ ಬೆನ್ನು ಕೊಟ್ಟು ಬರುವುದು, ಒಲೆಗೆ ಸೌದೆ ಇಟ್ಟು ಉಳಿದ ಬಾತುಕೋಳಿಯನ್ನು ರೈ ಬ್ರೆಡ್ಡಿನ ಮೇಲೆ ಇಟ್ಟುಕೊಂಡು ತಿನ್ನುವುದು. ನಿಮ್ಮ ಮನೆಯಲ್ಲಾದರೆ ನಾನು ಮೇಜಿನ ಎಡತುದಿಯ ಕುರ್ಚಿಯವಳು. ಹದಿನಾಲ್ಕು ವರ್ಷದಿಂದ ನನ್ನನ್ನು ಅಲ್ಲೇ ಕೂರಿಸುತ್ತೀರಿ, ಸೊಸೆ ಎಂದರೆ ತುದಿಯವಳು ಎಂಬ ಹಾಗೆ. ಇಲ್ಲಿ ಎರಡೇ ಕುರ್ಚಿ, ತುದಿಯೂ ಇಲ್ಲ ನಡುವೂ ಇಲ್ಲ ಎಂದು ಎಸ್ಕಿಲ್ ಮುಂದೆ ಜಂಬ ಕೊಚ್ಚಿಕೊಂಡೆ.

ಈಗ ಪಾಯಸಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅದರ ಹೆದರಿಕೆಗೇ.

ಈ ವರ್ಷ ಫಾಬೋರ್ಗಿನ ನಿಮ್ಮ ಮನೆಗೆ ಬರಲಾಗುವುದಿಲ್ಲ, ನನ್ನ ಸಹೋದ್ಯೋಗಿಯ ರಜಾಮನೆ ಖಾಲಿ ಬಿದ್ದಿದೆ, ಒಲೆ ಹಚ್ಚುವವರಿಲ್ಲದಿದ್ದರೆ ಕೊಳಾಯಿ ಹೆಪ್ಪುಗಟ್ಟಿ ಒಡೆಯುತ್ತದೆ ಎಂದು ನಿಮಗೆ ಹೇಳಿದ್ದೆ. ಅದು ಸುಳ್ಳು. ನವೆಂಬರಿನಲ್ಲಿ ಗ್ರೀನ್‌ಲ್ಯಾಂಡಿನ ಇಲುಲಿಸ್ಸಾಟ್ ಎಂಬ ಊರಿನಿಂದ ನನಗೆ ಕೆಲಸಕ್ಕೆ ಕರೆ ಬಂದಿದೆ. ಆಸ್ಪತ್ರೆಯಲ್ಲಿ ಸೂಲಗಿತ್ತಿಯ ಹುದ್ದೆ, ಎರಡು ವರ್ಷ. ಜನವರಿ ಎರಡರೊಳಗೆ ಉತ್ತರ ಕೊಡಬೇಕು. ನಿಮ್ಮೆದುರು ಕೂತು ಜಗಳವಾಡಲು ಧೈರ್ಯ ಸಾಲದೆ ಇಲ್ಲಿಗೆ ಬಂದೆವು.

ಇಲ್ಲಿ ಮೂರು ದಿನ ನಾವಿಬ್ಬರೇ ಚೆನ್ನಾಗಿ ಜಗಳವಾಡಿದೆವು. "ಅಲ್ಲಿ ಊರು ದಾಟಿದ್ರೆ ರಸ್ತೆನೇ ಇಲ್ಲ ಮಾರಾಯ್ತಿ. ಬಸ್ ಓಡ್ಸೋನು ನಾನು, ಎಲ್ಲಿಗೆ ಓಡಿಸ್ಲಿ, ಹಿಮದ ಗುಡ್ಡೆ ಮೇಲಾ?" ಎಂದು ಅವನ ವಾದ. ಬಸ್ಸು ಬರೇ ನೆಪ ಎಂದು ನನಗೆ ಗೊತ್ತು. ಮಾವ ಹೋದಮೇಲೆ ಭಾನುವಾರ ನಿಮ್ಮ ಜೊತೆ ಉಣ್ಣದೆ ಅವನಿಗೆ ವಾರ ಮುಗಿಯುವುದಿಲ್ಲ. ನಾನೂ ಬಿಡಲಿಲ್ಲ. "ನಿಮ್ಮಮ್ಮ ಜನವರೀಲಿ ಸಮುದ್ರಕ್ಕೆ ಇಳಿದು ಈಜೋರು. ನೀನು ಬಿಸಿನೀರಿನ ಟಬ್ಬಿಗೂ ಬೆರಳಿಟ್ಟು ನೋಡಿ ಇಳಿಯೋನು. ಯಾರಿಗೆ ಯಾರ ಆಸರೆ ಬೇಕು ಸ್ವಲ್ಪ ಹೇಳು" ಎಂದೆ.

ನಾನೇಕೆ ಹೋಗಬೇಕು ಎನ್ನುವುದನ್ನು ನಿಮಗೆ ಹೇಳಬೇಕು. ನಾನು ದಿನಾ ಕೆಲಸ ಮಾಡುವ ಆಸ್ಪತ್ರೆಯ ಕಾರಿಡಾರಿನಲ್ಲೇ, ನಾಲ್ಕನೇ ಕೋಣೆಯಲ್ಲಿ, ನನ್ನ ಮಗು ಉಳಿಯದೆ ಹೋಯಿತು. ಆರು ವರ್ಷದಿಂದ ಅದೇ ಕೋಣೆಗೆ ನಗುನಗುತ್ತಾ ಹೋಗಿ ಬೇರೆಯವರ ಮಕ್ಕಳನ್ನು ಎತ್ತಿ ಅವರ ಕೈಗಿಟ್ಟಿದ್ದೇನೆ. ಕೆಲಸ ನನಗಿಷ್ಟ, ಆ ಬಾಗಿಲು ಸಾಕಾಗಿದೆ. ಇದನ್ನು ನಾನು ಎಸ್ಕಿಲ್‌ಗೂ ಇಪ್ಪತ್ತೆರಡನೇ ತಾರೀಖಿನ ತನಕ ಹೇಳಿರಲಿಲ್ಲ. ಹೇಳಿದಾಗ ಅವನು ಎದ್ದು ಹೋಗಿ ಸೌದೆ ಒಡೆದ. ಒಂದು ವಾರಕ್ಕಾಗುವಷ್ಟು ಒಡೆದ. ಒಳಗೆ ಬಂದು, "ಬಾದಾಮಿಗೆ ಬಿಡೋಣ. ಸಿಕ್ಕಿದವರ ಮಾತೇ ಮಾತು, ಆಮೇಲೆ ತಕರಾರು ಇಲ್ಲ" ಎಂದ. ನಾನೂ ಒಪ್ಪಿದೆ.

ಬಾದಾಮಿಯ ನಿಯಮವನ್ನು ನಿಮಗೇ ಹೇಳಿಕೊಡುವುದು ಬೇಡ. ಅಕ್ಕಿ ಪಾಯಸ ತಣಿದ ಮೇಲೆ ಕೆನೆ ಕಡೆದು ಬೆರೆಸಿ, ಚೂರುಮಾಡಿದ ಬಾದಾಮಿಯ ಜೊತೆ ಇಡೀ ಬಾದಾಮಿ ಒಂದೇ ಒಂದು ಹಾಕುವುದು, ಅದು ಸಿಕ್ಕವರಿಗೆ ಬಹುಮಾನ. ಎಲ್ಲರ ಮನೆಯಲ್ಲೂ ಅಷ್ಟೇ. ನಿಮ್ಮ ಮನೆಯಲ್ಲಿ ಮಾತ್ರ ಸಿಕ್ಕವರು ಬಾಯಿ ಬಿಟ್ಟರೆ ಗೆದ್ದದ್ದೂ ಹೋಯಿತು. ಅದನ್ನು ಕೆನ್ನೆಯಲ್ಲಿ ಅಡಗಿಸಿಟ್ಟುಕೊಂಡು ಪಾತ್ರೆ ತಳ ಕಾಣುವ ತನಕ ತಿನ್ನುತ್ತಲೇ ಇರಬೇಕು, ಉಳಿದವರೂ ಹುಡುಕುತ್ತಾ ತಿನ್ನಬೇಕು. ಆ ನಿಯಮದಿಂದ ನಾನು ಎಷ್ಟು ಲಂಗ ಬಿಗಿ ಮಾಡಿಕೊಂಡಿದ್ದೇನೋ ದೇವರಿಗೇ ಗೊತ್ತು.

ಇನ್ನೊಂದು ವಿಷಯವೂ ನನಗೆ ಗೊತ್ತು. ನೀವು ಅದನ್ನು ಅದೃಷ್ಟಕ್ಕೆ ಬಿಡುವುದಿಲ್ಲ. ಮಗು ಹೋದ ಆ ವರ್ಷ ಬಾದಾಮಿ ನನಗೆ ಬಂತು, ಮೊದಲ ಚಮಚಕ್ಕೇ. ನನಗೆ ಬಂದ ಅದೃಷ್ಟ ನೋಡು ಎಂದು ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟೆ. ಮರುವರ್ಷ ನೀವು ಬಡಿಸುವಾಗ ಸೌಟಿನ ಅಡಿಯಲ್ಲಿ ನಿಮ್ಮ ಹೆಬ್ಬೆರಳು ಏನನ್ನೋ ಒತ್ತಿ ಹಿಡಿದದ್ದನ್ನು ಕಂಡೆ. ಆ ಸಲ ಅದು ಕೆಲಸ ಕಳೆದುಕೊಂಡಿದ್ದ ನಿಮ್ಮ ನೆರೆಮನೆಯವರಿಗೆ ಸಿಕ್ಕಿತು. ಇಷ್ಟು ವರ್ಷ ನಾನು ಏನೂ ಹೇಳಲಿಲ್ಲ, ನೀವೂ ಹೇಳಲಿಲ್ಲ.

ಇಪ್ಪತ್ನಾಲ್ಕರಂದು ಎಸ್ಕಿಲ್ ಪ್ರತಿ ಪಾತ್ರೆಯ ಫೋಟೋ ತೆಗೆಯುತ್ತಿದ್ದ. ಗಂಟುಕಟ್ಟಿದ ಸಕ್ಕರೆಯದ್ದೂ. ಏಕೆ ಎಂದು ಕೇಳಿದರೆ, "ಭಾನುವಾರ ಅಮ್ಮಂಗೆ ತೋರಿಸ್ಬೇಕು, ಎಷ್ಟು ನಗ್ತಾಳೆ ನೋಡು" ಎಂದ. ಅವನ ಮುಖ ನೋಡಿ ನನ್ನ ಹಟವೆಲ್ಲ ಇಳಿದುಹೋಯಿತು. ಇವನನ್ನು ಬೇರುಸಹಿತ ಕಿತ್ತುಕೊಂಡು ಹೋಗಿ ನಾನೇನು ಸುಖಪಡಲಿ? ಅವನು ಸೌದೆ ತರಲು ಹೋದಾಗ ಇನ್ನೊಂದು ಬಾದಾಮಿಯ ಸಿಪ್ಪೆ ಸುಲಿದು ಜೇಬಿಗೆ ಹಾಕಿಕೊಂಡೆ.

ಬಡಿಸುವಾಗ ಸೌಟು ನನ್ನ ಕೈಯಲ್ಲಿದ್ದರೆ ಅವನಿಗೆ ಅನುಮಾನ, ಅವನ ಕೈಯಲ್ಲಿದ್ದರೆ ನನಗೆ. ಕೊನೆಗೆ ನಾನು ಅವನಿಗೆ, ಅವನು ನನಗೆ ಬಡಿಸುವುದು ಎಂದಾಯಿತು. ನಿಮ್ಮ ಹೆಬ್ಬೆರಳನ್ನು ನೆನೆದು ನನ್ನ ಬಾದಾಮಿಯನ್ನು ಅವನ ಬಟ್ಟಲಿಗೆ ಜಾರಿಸಿದೆ. ಮೇಲೆ ಬಿಸಿ ಚೆರ್ರಿ ಸುರಿದೆ. ಗೆದ್ದೆ ಎಂದುಕೊಂಡು ತಿನ್ನಲು ಕೂತರೆ, ಎರಡನೇ ಚಮಚಕ್ಕೇ ನನ್ನ ಹಲ್ಲಿಗೆ ಇಡೀ ಬಾದಾಮಿ ಸಿಕ್ಕಿತು.

ಪಾತ್ರೆಯಲ್ಲಿದ್ದ ಅಸಲಿ ಬಾದಾಮಿಯೇ ನನಗೆ ಬಂತು ಎಂದುಕೊಂಡೆ. ಇಬ್ಬರ ಹತ್ತಿರವೂ ಒಂದೊಂದು ಇದ್ದರೆ ನನ್ನ ಕಳ್ಳತನ ಹೊರಗೆ ಬೀಳುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು. ಕೆನ್ನೆಗೆ ಒತ್ತಿಟ್ಟುಕೊಂಡು ಸುಮ್ಮನೆ ತಿಂದೆ. ಅವನೂ ಒಂದು ಮಾತಾಡದೆ ತಿಂದ. ಎರಡನೇ ಬಟ್ಟಲಾಯಿತು, ಮೂರನೆಯದಾಯಿತು. ಆರು ಜನರ ಪಾಯಸ, ಅತ್ತೆ. ಅವನ ಎರಡು ಕೆನ್ನೆಯೂ ಉಬ್ಬಿದ ಹಾಗೆ ಕಂಡಿತು, ತಿಂದು ತಿಂದು ಊದಿಕೊಂಡಿದ್ದಾನೆ ಎಂದುಕೊಂಡೆ. ಕೊನೆಗೆ ನನ್ನದನ್ನು ನುಂಗಿಬಿಟ್ಟರೆ ಅವನೇ ಗೆದ್ದ ಹಾಗೆ ಎಂದು ಹೊಳೆಯಿತು. ನುಂಗಲು ಹೋದೆ, ಗಂಟಲಿಗೆ ಸಿಕ್ಕಿತು. ಅವನು ಎದ್ದು ಓಡಿಬಂದು ಬೆನ್ನಿಗೆ ಗುದ್ದುತ್ತಾನೆ, ಬಾಯಿಂದ ಮಾತ್ರ ಊಂ ಊಂ ಬಿಟ್ಟರೆ ಬೇರೆ ಸದ್ದಿಲ್ಲ. ನಾಲ್ಕನೇ ಗುದ್ದಿಗೆ ನನ್ನ ಬಾದಾಮಿ ಮೇಜಿನ ಮೇಲೆ ಬಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ತನ್ನ ಬಾಯಿಂದ ಎರಡು ತೆಗೆದು ಪಕ್ಕಕ್ಕಿಟ್ಟ.

ಪಾತ್ರೆಗೆ ಹಾಕಿದ್ದು ಒಂದು. ನಾನು ಜಾರಿಸಿದ್ದು ಒಂದು. ಮೂರನೆಯದು? ಅವನ ಕಿವಿ ಕೆಂಪಾಯಿತು. ಅವನೂ ನನ್ನ ಬಟ್ಟಲಿಗೆ ಒಂದು ಜಾರಿಸಿದ್ದ. ನಾನು ಗೆಲ್ಲಲಿ, ನಾನು ಹೋಗೋಣ ಎನ್ನಲಿ ಎಂದು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅರ್ಧ ನಗೆಗೆ, ಅರ್ಧ ಪಾಯಸದ ನೋವಿಗೆ. ಆಮೇಲೆ ಅದೇ ಜಗಳ ತಿರುಗಿ ಬಿತ್ತು. ನೀನು ಹೇಳು, ಇಲ್ಲ ನೀನೇ ಹೇಳು. ಅವನೇ ಮುಗಿಸಿದ. "ನನ್ನ ಹತ್ರ ಎರಡು, ನಿನ್ನ ಹತ್ರ ಒಂದು. ಮಾತು ನಂದು. ಹೋಗೋಣ. ಬಸ್ ಇಲ್ದಿದ್ರೆ ಅಡುಗೆ ಮಾಡ್ತೀನಿ, ಸಕ್ಕರೆ ಕರಗಿಸೋದು ಬಂತಲ್ಲ" ಎಂದ. ನಾನು ಅಳುತ್ತಾ ಅಮ್ಮನಿಗೆ ಯಾರು ಹೇಳುವುದು ಎಂದು ಕೇಳಿದೆ. "ಸೋತೋರು ಬರೀಬೇಕು" ಎಂದು ಕಾಗದ, ಪೆನ್ನು ತಂದಿಟ್ಟ. ಮೂರು ದಿನ ಮುಂದೂಡಿ ಈಗ ಬರೆಯುತ್ತಿದ್ದೇನೆ.

ಹೊಸವರ್ಷದ ದಿನ ಮಧ್ಯಾಹ್ನದ ಊಟಕ್ಕೆ ಬರುತ್ತೇವೆ. ಅಷ್ಟರೊಳಗೆ ಈ ಪತ್ರ ನಿಮ್ಮ ಕೈಸೇರಿರುತ್ತದೆ. ಉತ್ತರ ಕೊಡಲು ಆಗಲೂ ಒಂದು ದಿನ ಉಳಿದಿರುತ್ತದೆ. ನೀವು ಬೇಡ ಎಂದರೆ ಬೇಡ. ಬೇಸರದಿಂದ ಹೇಳುತ್ತಿಲ್ಲ. ನಿಮ್ಮ ಮಗನನ್ನು ಕೇಳದೆ ಕರೆದುಕೊಂಡು ಹೋಗುವ ಧೈರ್ಯ ನನಗಿಲ್ಲ, ಕೇಳಿದರೆ ಎಲ್ಲಿ ಇಲ್ಲ ಎನ್ನುತ್ತೀರೋ ಎಂದು ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಬರೆದೆ. ಗೀಚು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ನಿಮ್ಮ ಮಾತಿಗೆ ಕಾದಿರುವ,
ಸೊಸೆ ಸಿಸೆಲ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾನು ಅಂಚೆಗೆ ಹೊರಟದ್ದು ನೋಡಿ ನಿಮ್ಮ ಮಗ ಈಗ ಬಾಯಿ ಬಿಟ್ಟ. ಇಪ್ಪತ್ಮೂರರಂದು ಕೆನೆ ತರುತ್ತೇನೆಂದು ಹೋದವನು ದಿಬ್ಬ ಹತ್ತಿ ನಿಮಗೆ ಫೋನ್ ಮಾಡಿದ್ದನಂತೆ, ಗ್ರೀನ್‌ಲ್ಯಾಂಡ್, ಪಂತ ಎಲ್ಲವನ್ನೂ ಹೇಳಿ, ಬಾದಾಮಿಯನ್ನು ಬೇಕಾದವರ ಬಟ್ಟಲಿಗೆ ಹಾಕುವುದು ಹೇಗೆ ಎಂದು ಕೇಳಿದನಂತೆ. ಯಾರ ಬಟ್ಟಲಿಗೆ ಎಂದು ನೀವು ಕೇಳಿದಿರಂತೆ. ನನ್ನ ಹೆಸರು ಹೇಳಿದ್ದಕ್ಕೆ "ಹೂಂ" ಎಂದಿರಂತೆ. ಆಮೇಲೆ ಹೇಳಿದಿರಂತೆ, "ಎಡಗಡೆಗೆ ಹಾಕೋ. ಅವಳು ಎಡಗೈಯವಳು, ಎಡದಿಂದ ತಿನ್ನೋದು."

ಮಗು ಹೋದ ಆ ವರ್ಷವೂ ಬಾದಾಮಿ ಎಡಗಡೆಗೇ ಇತ್ತು, ಅತ್ತೆ. ಹೊಸವರ್ಷದ ದಿನ ನನ್ನ ಎಡಮೊಣಕೈ ಯಾರಿಗೂ ತಾಗದ ಅದೇ ತುದಿಯ ಕುರ್ಚಿಯನ್ನು ನನಗೆ ಇಡಿ.