ಸಂಪಿಗೆಯ ಬದಲು ಔದುಂಬರ

ಡೊಂಬಿವಲಿ ಎಂಐಡಿಸಿ
೧೫ ಜೂನ್ ೨೦೨೫, ಭಾನುವಾರ

ಪ್ರೀತಿಯ ಅತ್ತೆಗೆ ಹಿರಿಸೊಸೆ ಜಯಲತಾಳ ನಮಸ್ಕಾರ.

ಮಂಡಿನೋವು ಹೇಗಿದೆ? ಆ ಮನೆಯ ಎ.ಸಿ. ನಿಮಗೆ ಆಗಿಬರುವುದಿಲ್ಲ, ಮಲಗುವಾಗ ಕಾಲಿಗೆ ಶಾಲು ಸುತ್ತಿಕೊಳ್ಳಿ. ನಾಲ್ಕು ದಿನಕ್ಕೆಂದು ಹೃಷೀಕೇಶ ನಿಮ್ಮನ್ನು ವಾಶಿಯ ತನ್ನ ಮನೆಗೆ ಕರೆದುಕೊಂಡು ಹೋಗಿ ತಿಂಗಳಾಯಿತು. ಕಾಗದ ನೋಡಿ ಗಾಬರಿಯಾಗಬೇಡಿ. ಅಲ್ಲಿ ನಿಮ್ಮ ಫೋನ್ ಸದಾ ಸ್ಪೀಕರಿನಲ್ಲಿರುತ್ತದೆ. ಕನ್ನಡ ಓದಲು ಮಾತ್ರ ನಿಮ್ಮನ್ನು ಬಿಟ್ಟರೆ ಯಾರಿಗೂ ಬಾರದು. ಕಿರಿಮಗನನ್ನು ಮರಾಠಿ ಶಾಲೆಗೆ ಹಾಕಿದ್ದು ಈಗ ಉಪಯೋಗಕ್ಕೆ ಬಂತು ನೋಡಿ. ಮಂಗಳವಾರದೊಳಗೆ ಇದು ನಿಮ್ಮ ಕೈಸೇರಿದರೆ ಸಾಕು.

ಅಂಗಳದಲ್ಲಿ ಸಂಪಿಗೆ ನೆಡಬೇಕೆಂದು ನೀವು ಪ್ರತಿ ಮಳೆಗಾಲ ಹೇಳುತ್ತಿದ್ದಿರಿ. ಮಾರುವ ಇಡ್ಲಿಹಿಟ್ಟಿನ ಡಬ್ಬ ತೊಳೆಯಲು ಜಾಗ ಬೇಕೆಂದು ನಾನು ಒಪ್ಪುತ್ತಿರಲಿಲ್ಲ. ನಿನ್ನೆ ಗಿಡ ನೆಟ್ಟೆ, ಆದರೆ ಸಂಪಿಗೆಯಲ್ಲ. ಶುಕ್ರವಾರ ಬಿಲ್ಡರನ ಕಡೆಯವರು ಬಂದು ಬಾವಿಯ ಪಕ್ಕ ಸುಣ್ಣದಲ್ಲಿ ಗುರುತು ಹಾಕಿ, ಮಣ್ಣು ಪರೀಕ್ಷೆಗೆ ಇಲ್ಲಿ ಅಗೆಯುತ್ತೇವೆ, ಹೃಷೀಕೇಶ ಸಾಹೇಬರು ಹೇಳಿದ್ದಾರೆ ಎಂದರು. ಮನೆ ನಿಮ್ಮ ಹೆಸರಿನಲ್ಲಿ, ಅಪ್ಪಣೆ ಅವನದು! ಇವರನ್ನು ಕೇಳಿದರೆ, ತಮ್ಮನ ವಿಷಯ ಬಂದಾಗಲೆಲ್ಲ ಮಾಡುವಂತೆ, ಪೇಪರ್ ಹಿಡಿದು ಬಾತ್‌ರೂಮಿಗೆ ಹೋದರು. ನಾನು ನರ್ಸರಿಗೆ ಹೋದೆ. ಮಾಲಿ ಕಸಿಮಾವು ತೋರಿಸಿದ, ಚಿಕ್ಕು ತೋರಿಸಿದ, ಬೇಗ ಹಣ್ಣು ಬಿಡುತ್ತದೆ ಎಂದ. ಹಣ್ಣು ಯಾರಿಗೆ ಬೇಕಿತ್ತು? ಸಂಪಿಗೆಯನ್ನಾದರೆ ಬೀಡಿ ಸೇದುತ್ತಲೇ ಕಿತ್ತೆಸೆಯುತ್ತಾರೆ. ಇಲ್ಲಿಯವರು ಯಾರೂ ಕೈಹಾಕದ ಗಿಡ ಯಾವುದೆಂದು ಯೋಚಿಸಿ ಔದುಂಬರ ತಂದೆ. ನಮಗೆ ಅತ್ತಿಮರ, ಇಲ್ಲಿಯ ಮರಾಠಿ ಜನಕ್ಕೆ ಸಾಕ್ಷಾತ್ ದತ್ತಗುರು. ಬುಡ ದಪ್ಪಗಿದ್ದದ್ದನ್ನೇ ಆರಿಸಿ, ಸುಣ್ಣದ ಗುರುತಿನ ನಟ್ಟನಡುವೆ ನೆಟ್ಟೆ. ಪಕ್ಕದ ಮನೆಯ ಮುಕ್ತಾತಾಯಿ ಓಡಿಬಂದು ಅರಿಶಿನ ಕುಂಕುಮ ಹಚ್ಚಿದರು. ನಾನೇನೂ ಕರೆಯಲಿಲ್ಲ, ಕಂಪೌಂಡಿನ ಹತ್ತಿರ ಸ್ವಲ್ಪ ಜೋರಾಗಿ ಮಾತಾಡಿದೆ ಅಷ್ಟೆ.

ಇವತ್ತು ಭಾನುವಾರವೆಂದೂ ನೋಡದೆ ಗುದ್ದಲಿ ಸಮೇತ ಬಂದ ಸೂಪರ್‌ವೈಸರ್, ಕುಂಕುಮ ಕಂಡದ್ದೇ ಚಪ್ಪಲಿ ಬಿಟ್ಟು ಕೈಮುಗಿದ. “ತಾಯಿ, ಹೇ ಆಪಲ್ಯಾಲಾ ನಾಹಿ ಜಮಣಾರ್”, ಇದು ನಮ್ಮಿಂದಾಗುವ ಕೆಲಸವಲ್ಲ ಎಂದು ಆಳುಗಳನ್ನು ಕರೆದುಕೊಂಡು ಹೊರಟೇ ಹೋದ. ಸ್ವಲ್ಪ ಹೊತ್ತಿಗೆ ಹೃಷೀಕೇಶನ ಫೋನ್: “ಅತ್ತಿಗೆ, ನೀವು ನೆಟ್ಟದ್ದು ಗಿಡ ಅಲ್ಲ ಮಾರಾಯ್ರೆ, ಸ್ಟೇ ಆರ್ಡರ್!” “ನೀರು ಹಾಕಿದ್ರೆ ಬೆಳೀತದೆ” ಎಂದೆ. ಅವನು ನಗಲಿಲ್ಲ. “ಗುರುವಾರ ಅಮ್ಮನ ಸಹಿ ಆಗ್ಲಿ, ಭಟ್ರನ್ನು ಕರ್ಸಿ ಶಾಸ್ತ್ರೋಕ್ತ ಎಬ್ಬಿಸ್ತೇನೆ” ಎಂದು ಫೋನ್ ಇಟ್ಟ. ಆಗಿನಿಂದ ರುಬ್ಬಲು ಕೂತರೂ ಮನಸ್ಸು ನಿಲ್ಲುತ್ತಿಲ್ಲ, ಗೇಟು ಸದ್ದಾದರೆ ಎದ್ದು ನೋಡುತ್ತೇನೆ.

ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಮೊಮ್ಮಗಳು ಪ್ರೇಕ್ಷಾಳಿಗೆ ದೊಡ್ಡಮ್ಮನ ಮುದ್ದು. ನಮ್ಮ ಮೇಲೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ
ಜಯಲತಾ

ಲಕೋಟೆ ಅಂಟಿಸುವ ಮೊದಲು: ಗುರುವಾರ ಅವನು ಮುಂದಿಡುವ ಕಾಗದವನ್ನು ಪೆನ್ಶನ್ನಿನದು ಎನ್ನುತ್ತಾನಂತೆ, ಇವರು ಈಗಷ್ಟೇ ಬಾಯಿಬಿಟ್ಟರು. ಅದು ಮನೆ ಮಾರುವ ಕಾಗದ. ಮಾರಲು ನಿಮಗೇ ಮನಸ್ಸಿದ್ದರೆ ಸಹಿ ಹಾಕಿ. ನಾನು ಗ್ರೈಂಡರ್ ಹೊತ್ತುಕೊಂಡು ಬೇರೆ ಕಡೆ ಹೋಗುತ್ತೇನೆ, ಒಂದು ಮಾತೂ ಆಡುವುದಿಲ್ಲ. ಮನಸ್ಸಿಲ್ಲದಿದ್ದರೆ ಬುಧವಾರ ಬೆಳಿಗ್ಗೆ ದೇವಸ್ಥಾನಕ್ಕೆಂದು ಹೇಳಿ ಕೆಳಗಿಳಿಯಿರಿ. ಎದುರಿನ ಮೆಡಿಕಲ್ ಅಂಗಡಿಯ ಹತ್ತಿರ ರಿಕ್ಷಾದಲ್ಲಿ ಕೂತಿರುತ್ತೇನೆ. ಬಟ್ಟೆಬರೆ ತರಬೇಡಿ, ಚೀಲ ಕಂಡರೆ ವಾಚ್‌ಮನ್ ಮೇಲಕ್ಕೆ ಫೋನ್ ಮಾಡುತ್ತಾನೆ.