ಐದು ಸಾವಿರ ವರ್ಷದ ಹಲ್ಲು

ಅಪ್ಪಾ,

ನೀವು ಇದನ್ನು ಓದುವುದಿಲ್ಲ. ವರದಿ ಬರೆದೇ ಅಭ್ಯಾಸವಾದವನು, ಬರೆಯುತ್ತಿದ್ದೇನೆ.

ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆಯುವ ನಮ್ಮ ಲ್ಯಾಬಿನಲ್ಲಿ ಈ ತಿಂಗಳು ಸಣ್ಣ ಗದ್ದಲವಾಯಿತು. ಐದು ಸಾವಿರ ವರ್ಷದ ಹಲ್ಲೊಂದರಲ್ಲಿ ನನ್ನದೇ ಪಿತೃವಂಶದ ಗುರುತು ಬಂದಿತ್ತು. ಹೋಲಿಸಿ ನೋಡಲೆಂದು ನಮ್ಮೆಲ್ಲರ ಡಿಎನ್‌ಎಯೂ ಅಲ್ಲಿ ದಾಖಲಾಗಿರುತ್ತದೆ.

“ಮಾಸ್ಕ್ ಸರಿಸಿ ಸೀನಿದ್ಯೇನಪ್ಪಾ?” ಎಂದರು ಮುಖ್ಯಸ್ಥೆ. ನನ್ನ ಎಂಜಲು ಬಿದ್ದಿರಬಹುದೆಂಬ ಅನುಮಾನ. ಆ ಗುರುತು ಗಂಡಸರಲ್ಲಿ ಮಾತ್ರ ಇರುವುದರಿಂದ, ನನ್ನನ್ನು ಹೊರಗೆ ಕೂರಿಸಿ ಹೆಂಗಸರೇ ಮತ್ತೆ ಪರೀಕ್ಷೆ ಮಾಡಿದರು. ಅದೇ ಉತ್ತರ ಬಂತು.

“ಒಳಗೆ ಬಾ, ನಿನ್ನ ಮುತ್ತಜ್ಜನ್ನ ಮಾತಾಡಿಸು” ಎಂದು ನಕ್ಕರು.

ಎಲ್ಲೋ ಒಬ್ಬ ದನಗಾಹಿಯಿಂದ ಶುರುವಾಗಿ ಮೂರು ಖಂಡಗಳಿಗೆ ಹರಡಿದ ವಂಶವಂತೆ ನಮ್ಮದು. ತಂದೆಯಿಂದ ಮಗನಿಗೆ, ಎಲ್ಲೂ ಕೊಂಡಿ ತಪ್ಪಿಲ್ಲ.

“ನಿಮ್ಮಪ್ಪನ ಸ್ಯಾಂಪಲ್ಲೂ ಸಿಗುತ್ತಾ?” ಎಂದು ಕೇಳಿದರು. ಹೋದ ವರ್ಷ ತೀರಿಕೊಂಡರು ಎಂದೆ.

ಅದಕ್ಕೂ ಮೊದಲು ಒಮ್ಮೆ ನೀವು ಈ ಲ್ಯಾಬಿನ ಗೇಟಿಗೆ ಬಂದಿದ್ದಿರಿ. ನಾನು ರಜೆಯಲ್ಲಿದ್ದೇನೆಂದು ಕಾವಲುಗಾರನ ಕೈಲಿ ಹೇಳಿಸಿದೆ. ಆದರೂ ನೀವು ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದಿರಂತೆ. ನಾನು ಒಳಗೇ ಇದ್ದೆ, ಯಾರದೋ ಹಲ್ಲಿಗಂಟಿದ ಮಣ್ಣನ್ನು ನೋವಾಗದ ಹಾಗೆ ಒರೆಸುತ್ತಿದ್ದೆ.