ದಾಳಿಂಬೆಯ ಫಲಕದಲ್ಲಿ ಬಿಟ್ಟುಹೋದ ಮಾತು

ಆರೋಗ್ಯ ಪ್ರಚಾರ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ದೊಡ್ಡಾಸ್ಪತ್ರೆಯ ಹೊರರೋಗಿಗಳ ಹಜಾರದಲ್ಲಿ ತಾವು ಹಾಕಿಸಿರುವ ದಾಳಿಂಬೆಯ ಫಲಕವನ್ನು ತಿದ್ದಿಸಿ, ಇಲ್ಲವೇ ಇಳಿಸಿ. ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಟ್ಟಿದ್ದೇನೆ, ಏಕೆಂದರೆ ತಮ್ಮ ಕಚೇರಿಯಲ್ಲಿ ಕಾಗದಗಳನ್ನು ಕೊನೆಯವರೆಗೆ ಓದುವ ರೂಢಿ ಇದ್ದಂತಿಲ್ಲ. ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರನಾಗಿದ್ದು ನಿವೃತ್ತನಾದವನು. ಜೀವಮಾನವೆಲ್ಲ ಬೇರೆಯವರ ದೂರುಗಳನ್ನು ಟೈಪು ಮಾಡಿದೆ. ಇದೊಂದು ಮಾತ್ರ ನನ್ನದು.

ಫಲಕ ಚೆನ್ನಾಗಿದೆ, ಇಲ್ಲವೆನ್ನಲಾರೆ. ಸೀಳಿದ ಹಣ್ಣು, ಕೆಂಪು ಕಾಳು, ಹಲ್ಲು ಬಿಟ್ಟು ನಗುವ ಹೆಂಗಸು. ಕೆಳಗೆ ದಪ್ಪಕ್ಷರದಲ್ಲಿ, ದಾಳಿಂಬೆಯ ಸಿಪ್ಪೆಯಲ್ಲೂ ಕಾಳಿನಲ್ಲೂ ಇರುವ ಸತ್ವಗಳು ಸ್ತನ ಕ್ಯಾನ್ಸರಿನ ಕೋಶಗಳ ಬೆಳವಣಿಗೆಯನ್ನು ತಡೆಯುತ್ತವೆ ಎಂದು ಸಂಶೋಧನೆಯಿಂದ ತಿಳಿದುಬಂದಿದೆ ಎಂಬ ಮಾತು. ಇದನ್ನು ಸುಳ್ಳೆಂದು ಯಾವ ನ್ಯಾಯಾಲಯವೂ ಹೇಳಲಾರದು. ಅರ್ಧಕ್ಕೇ ನಿಲ್ಲಿಸಿದ ಸತ್ಯಕ್ಕೆ ಶಿಕ್ಷೆ ಉಂಟೇ?

ನನ್ನ ಹೆಂಡತಿ ಆಸ್ಪತ್ರೆಯ ಎದುರಿನ ರಸ್ತೆಯಲ್ಲಿ ಹಣ್ಣಿನಂಗಡಿ ನಡೆಸುತ್ತಿದ್ದಳು. ಹಣ್ಣಿನ ವ್ಯಾಪಾರದವರ ಮನೆಯ ಕಟ್ಟಳೆ ತಮಗೆ ತಿಳಿದಿರಲಾರದು: ಒಳ್ಳೆಯ ಹಣ್ಣು ಗಿರಾಕಿಗೆ, ಪೆಟ್ಟು ತಿಂದದ್ದು ಮನೆಗೆ. ಮದುವೆಯಾದಾಗಿನಿಂದ ನಾವು ಕೊಳೆತ ಭಾಗವನ್ನು ಕೊಯ್ದು ಬಿಸಾಡಿ ಉಳಿದರ್ಧ ಹಂಚಿಕೊಂಡವರು. ‘ರೀ, ಇಡೀ ಹಣ್ಣು ಹೇಗಿರುತ್ತೆ ಅಂತ ನಂಗೆ ಮರ್ತೇ ಹೋಗಿದೆ’ ಎಂದು ನಗುತ್ತಿದ್ದಳು. ಅಂಥವಳು ಒಂದು ಬೆಳಿಗ್ಗೆ ಬುಟ್ಟಿಗೆ ಕೈಹಾಕಿ ಎಲ್ಲಕ್ಕಿಂತ ಒಳ್ಳೆಯ ದಾಳಿಂಬೆಯನ್ನು ತನಗೆಂದು ಎತ್ತಿಟ್ಟುಕೊಂಡಳು. ಮರುದಿನವೂ ಅಷ್ಟೇ. ಸಿಪ್ಪೆಯನ್ನೂ ಬಿಡದೆ ಮಾಳಿಗೆಯ ಮೇಲೆ ಒಣಗಿಸಿ ಪುಡಿ ಮಾಡಿದಳು. ಕೇಳಿದ್ದಕ್ಕೆ, ‘ಮೈಗೆ ಒಳ್ಳೇದಂತೆ, ಸುಮ್ನಿರಿ’ ಎಂದಳು. ನನಗೆ ಖುಷಿಯಾಯಿತು, ಸ್ವಾಮಿ. ಇಷ್ಟು ವರ್ಷಕ್ಕಾದರೂ ತನ್ನದು ಅಂತ ಒಂದು ಆಸೆ ಇಟ್ಟುಕೊಂಡಳಲ್ಲ ಎಂದು ನಾನೇ ದೊಡ್ಡದನ್ನು ಹುಡುಕಿ ಕೊಡತೊಡಗಿದೆ.

ಅವಳ ಎದೆಯಲ್ಲಿ ಗಂಟಿತ್ತು. ನನಗೆ ಹೇಳದೆ ಒಬ್ಬಳೇ ರಸ್ತೆ ದಾಟಿ ಡಾಕ್ಟರಿಗೆ ತೋರಿಸಿದ್ದಳು. ಗಂಟು ಚಿಕ್ಕದಿದೆ, ಆಪರೇಷನ್ ಮಾಡಿ ತೆಗೆದುಬಿಡೋಣ, ತಡ ಮಾಡಬೇಡಿ ಎಂದಿದ್ದರಂತೆ. ಹೊರಗೆ ಬಂದವಳು ಹಜಾರದ ಬೆಂಚಿನಲ್ಲಿ ಕೂತಿದ್ದಾಳೆ. ಎದುರಿಗೆ ತಮ್ಮ ಫಲಕ. ಮುಂದೆ ತೋಳು ಬಾತು ಮುಚ್ಚಿಡಲಾಗದೆ ಹೋದಾಗ ನನ್ನ ಮುಂದೆ ಎಲ್ಲವನ್ನೂ ಹೇಳಿದಳು. ‘ಕೊಯ್ತಾರೆ ಅಂದ್ರೆ ಭಯ ಆಯ್ತು ರೀ. ಔಷಧಿ ನಮ್ಮ ಅಂಗ್ಡೀಲೇ ಇದ್ಯಲ್ಲ ಅಂದ್ಕೊಂಡೆ. ಆಸ್ಪತ್ರೆ ಗೋಡೆ ಮೇಲೆ ಸುಳ್ಳು ಬರೀತಾರಾ?’

ಆ ಪ್ರಶ್ನೆಯನ್ನು ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮನ ಮುಂದಿಟ್ಟೆ. ‘ಸಂಶೋಧನೆ ನಿಜಾನೇ. ಆದ್ರೆ ಅದು ಗಾಜಿನ ತಟ್ಟೇಲಿ ಬೆಳೆಸಿದ ಕೋಶಗಳ ಮೇಲೆ ಮಾಡಿದ್ದು. ಹಣ್ಣು ತಿಂದ್ರೆ ಗಂಟು ಕರಗುತ್ತೆ ಅಂತ ಯಾರೂ ತೋರ್ಸಿಲ್ಲ. ಮುಂದೆ ಅದ್ರಿಂದ ಔಷಧಿ ಬಂದ್ರೂ ಬರಬಹುದು, ಬರ್ಲಿ. ಅಲ್ಲೀವರೆಗೂ ಚಿಕಿತ್ಸೆ ಬಿಡೋ ಹಾಗಿಲ್ಲ’ ಎಂದರು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ ಮಾತು ಇದು. ನಗುವ ಹೆಂಗಸಿನ ಹಲ್ಲುಗಳಿಗೆ ಅಷ್ಟು ಜಾಗವಿದ್ದ ಫಲಕದಲ್ಲಿ ಈ ಮಾತಿಗೆ ಜಾಗವಿರಲಿಲ್ಲವೇ? ಆ ಸಂಶೋಧಕರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಂಡದ್ದನ್ನು ಕಂಡಷ್ಟೇ ಬರೆದರು. ಅದನ್ನು ತಂದು ಹೆದರಿದ ಹೆಂಗಸರ ಕಣ್ಣೆದುರು ಅರ್ಧಂಬರ್ಧ ತೂಗುಹಾಕಿದವರು ತಾವು.

ಅವಳು ಹೋದ ಮೇಲೆ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ, ತಾವು ಸಭೆಯಲ್ಲಿಲ್ಲದ ದಿನವನ್ನು ನಾನಿನ್ನೂ ಕಂಡಿಲ್ಲ. ತಮ್ಮ ಸಹಾಯಕರು, ‘ಹಣ್ಣು ತಿನ್ನಿ ಅನ್ನೋದು ತಪ್ಪಾ ಯಜಮಾನ್ರೇ? ಹಣ್ಣಿನಂಗಡಿಯವ್ರು ನೀವೇ ಹಿಂಗಂದ್ರೆ ಹೇಗೆ?’ ಎಂದು ನಕ್ಕರು. ನೆಂಟರು ಬಂದು ಹಣೆಬರಹ ಎಂದು ಸಮಾಧಾನ ಹೇಳಿ ಹೋದರು. ಹಣೆಬರಹವನ್ನು ತಿದ್ದಲಾಗದು, ಒಪ್ಪಿದೆ. ಗೋಡೆಬರಹಕ್ಕೇನು ಧಾಡಿ?

ಈಗ ಅಂಗಡಿಯಲ್ಲಿ ನಾನೇ ಕೂರುತ್ತೇನೆ. ವ್ಯಾಪಾರದ ಮೋಹದಿಂದಲ್ಲ. ಮನೆಯಲ್ಲಿ ಮಾತೇ ಇಲ್ಲ. ನಾನು ಕೆಮ್ಮಿದರೆ ನನಗೇ ಕೇಳಬೇಕು. ಅಂಗಡಿಯಲ್ಲಾದರೆ ‘ಹೇಗೆ ಕೊಟ್ರಿ?’ ಎಂದು ಯಾರಾದರೂ ಕೇಳುತ್ತಾರೆ, ಅಷ್ಟರಲ್ಲೇ ಒಂದು ಹಗಲು ಕಳೆಯುತ್ತದೆ. ಸಂಜೆ ಪೆಟ್ಟು ತಿಂದ ಹಣ್ಣನ್ನು ಅಭ್ಯಾಸಬಲದಿಂದ ಎರಡು ಪಾಲು ಮಾಡುತ್ತೇನೆ. ನನಗೆ ಅವಳಿಲ್ಲದೆ ಬಹಳ ಕಷ್ಟವಾಗಿದೆ. ಇದನ್ನು ಹೇಳಿಕೊಳ್ಳಲು ಬೇರೆ ಯಾರೂ ಇಲ್ಲದ್ದರಿಂದ ತಮಗೆ ಬರೆಯುತ್ತಿದ್ದೇನೆ.

ಹೋದ ವಾರ ಒಬ್ಬಾಕೆ ಆಸ್ಪತ್ರೆಯ ಕಡತವನ್ನು ಎದೆಗವಚಿಕೊಂಡು ಬಂದು, ‘ದಾಳಿಂಬೆ ಕೊಡಿ, ಸಿಪ್ಪೆ ದಪ್ಪ ಇರೋದೇ ಬೇಕು’ ಎಂದಳು. ದಪ್ಪ ಸಿಪ್ಪೆಯ ದಾಳಿಂಬೆಯನ್ನು ಯಾವ ಗಿರಾಕಿಯೂ ಕೇಳಿ ಕೊಳ್ಳುವುದಿಲ್ಲ. ನನ್ನ ಕೈ ಅಲ್ಲೇ ನಿಂತಿತು.

‘ಡಾಕ್ಟರು ಏನಂದ್ರು ತಾಯಿ?’

‘ಆಪರೇಷನ್ ಅಂದ್ರು. ನಾನೇ ಸ್ವಲ್ಪ ದಿನ ನೋಡೋಣ ಅಂತ.’

ನನ್ನ ಮನೆಯ ಕಥೆಯನ್ನೆಲ್ಲ ಹೇಳಿದೆ. ಕೈ ಮುಗಿದೆ. ಹಣ್ಣು ಕೊಡುವುದಿಲ್ಲ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವೇನು ಡಾಕ್ಟ್ರಾ? ಅಲ್ಲಿ ಬರೆದವ್ರಿಗಿಂತ ನಿಮಗೆ ಜಾಸ್ತಿ ಗೊತ್ತಾ?’ ಎಂದು ಪಕ್ಕದ ಅಂಗಡಿಯಲ್ಲಿ ಚೀಲದ ತುಂಬ ಕೊಂಡು ಹೋದಳು.

ಆಕೆಯ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಆದರೆ ಇನ್ನೊಂದು ಸಲ ಆ ಹಜಾರಕ್ಕೆ ಬಂದೇ ಬರುತ್ತಾಳೆ, ಆ ಬೆಂಚಿನಲ್ಲಿ ಕೂರುತ್ತಾಳೆ. ಅಷ್ಟರೊಳಗೆ ಡಾಕ್ಟರಮ್ಮನ ಮಾತನ್ನು ಅದೇ ದಪ್ಪಕ್ಷರದಲ್ಲಿ, ಅದೇ ಫಲಕದ ಮೇಲೆ ಬರೆಸಿ. ನನ್ನ ಮಾತನ್ನು ಆಕೆ ನಂಬಲಿಲ್ಲ. ತಮ್ಮದನ್ನು ನಂಬುತ್ತಾಳೆ.

ಇಂತಿ,
ಬರೆಯಲು ತನ್ನದೆಂಬ ಒಂದು ಗೋಡೆಯಿಲ್ಲದ,
ಎದುರು ರಸ್ತೆಯ ಹಣ್ಣಿನಂಗಡಿಯವನು